ನೆಲ ಬಿಡುವುದೂ ಮೇಲೇರುವುದೂ

ಅಮೆರಿಕದ ಐಡಹೊ ರಾಜ್ಯದ ನಡುಭಾಗದಲ್ಲಿ, ರಸ್ತೆಗಳಿಲ್ಲದ ಪರ್ವತಾರಣ್ಯಗಳ ನಡುವೆ, ಹುಲ್ಲುಬಯಲನ್ನೇ ರನ್‌ವೇ ಮಾಡಿಕೊಂಡ ಕಿರುನಿಲ್ದಾಣಗಳು ಹಲವಿವೆ. ನಿಯಂತ್ರಣ ಗೋಪುರವಾಗಲಿ ಅಗ್ನಿಶಾಮಕ ದಳವಾಗಲಿ ಇಲ್ಲದ ಆ ಎಡೆಗಳಲ್ಲಿ ವೈಮಾನಿಕನಿಗೆ ಸ್ವಂತ ವಿವೇಚನೆಯೊಂದೇ ಆಸರೆಯಾದುದರಿಂದ, ವಿಮಾನವಿದ್ಯೆಯ ಶಾಖೆಗಳಲ್ಲೆಲ್ಲ ಇಲ್ಲಿನ ಹಾರಾಟವೇ ಶ್ರೇಷ್ಠವಾದುದೆಂದು ನಾನು ಬಗೆದಿದ್ದೇನೆ. ಇಂಥ ಕಡೆ ಇಳಿಯುವುದೇ ಕಠಿನವೆಂಬುದು ಸಾಮಾನ್ಯರ ಭಾವನೆ. ನನಗೆ ಹೆಚ್ಚು ಭಯವಿರುವುದು ಏರುವುದರಲ್ಲಿ. ಇಳಿಯುವಾಗ ವೇಗ ಕುಗ್ಗುತ್ತಿರುತ್ತದೆ, ಏರುವಾಗಲಾದರೋ ಅದು ವರ್ಧಿಸುತ್ತಿರುತ್ತದೆ, ಇಂಧನವೂ ತುಂಬಿರುತ್ತದೆ.

2012ರ ಜೂನ್ 30ರಂದು ಬ್ರೂಸ್ ಮೆಡೋಸ್ ಎಂಬ ಅಂಥದೊಂದು ನಿಲ್ದಾಣದಿಂದ ನಾಲ್ವರನ್ನು ಹೊತ್ತು ಹೊರಟ ಸ್ಟಿನ್ಸನ್ 108-3 ವಿಮಾನವು ಬಹುದೂರ ಓಡಿ, ಹೇಗೋ ನೆಲ ಬಿಟ್ಟು, ಮರಗಳ ತುದಿಗಳಿಂದ ಮೇಲೇರಲಾರದೆ ಕಾಡಿನೊಳಕ್ಕೆ ಕುಸಿಯಿತು. ನಾಲ್ವರೂ ಬದುಕಿದರು; ಚಾಲಕನಿಗೆ ತೀವ್ರವಾದ ಗಾಯಗಳಾದುವು. ಒಳಗಿದ್ದ ಕ್ಯಾಮೆರಾ ಸಮಸ್ತವನ್ನೂ ಸೆರೆಹಿಡಿದಿದೆ. ಆ ಚಿತ್ರದಲ್ಲಿ ನನ್ನನ್ನು ಕಲಕುವುದು ಕಡೆಯ ಆಘಾತವಲ್ಲ. ಎಂಜಿನ್ ಓಡುತ್ತಲೇ ಇದ್ದು, ರೆಕ್ಕೆ ಮುರಿಯದೆ, ಯಾವ ಯಂತ್ರದೋಷವೂ ತೋರದೆ, ಏರದಿರುವ ವಿಮಾನದ ಆ ದೀರ್ಘವಾದ ಅಸಹಾಯತೆ.

ಕಾರಣವಿದ್ದುದು ಗಾಳಿಯಲ್ಲಿ. ಆ ಬಯಲು ಸಮುದ್ರಮಟ್ಟದಿಂದ 6,370 ಅಡಿ ಎತ್ತರದಲ್ಲಿದೆ. ಅಂದು ಸುಮಾರು 27 ಡಿಗ್ರಿ ಸೆಲ್ಸಿಯಸ್ ತಾಪವಿದ್ದು, ಬಿಸಿಗಾಳಿ ವಿರಳವಾಗಿ, ವಿಮಾನದ ಪಾಲಿಗೆ ಆ ನೆಲವು 9,000 ಅಡಿಗೂ ಮಿಗಿಲಾದ ಎತ್ತರವೇ ಆಗಿತ್ತು. ಪೈಲಟ್‌ಗಳು ಇದನ್ನು ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ. ಎಂಜಿನ್ನಿನ ಶಕ್ತಿ, ಪ್ರೊಪೆಲ್ಲರಿನ ಹಿಡಿತ, ರೆಕ್ಕೆಯ ಎತ್ತುವ ಬಲ ಮೂರೂ ಏಕಕಾಲದಲ್ಲಿ ಕ್ಷೀಣಿಸುತ್ತವೆ. ಇದಕ್ಕಿಂತ ವಂಚಕವಾದುದು ಗ್ರೌಂಡ್ ಎಫೆಕ್ಟ್: ನೆಲದಿಂದ ರೆಕ್ಕೆಗಳ ಹರವಿನಷ್ಟು ಎತ್ತರದೊಳಗೆ ಗಾಳಿಯ ಪ್ರತಿರೋಧ ತಗ್ಗುವುದರಿಂದ, ಏರುವ ಶಕ್ತಿಯಿಲ್ಲದ ವಿಮಾನವೂ ಅಲ್ಲಿ ತೇಲಬಲ್ಲದು, ಆ ತೇಲುವಿಕೆಯನ್ನೇ ಆರೋಹಣವೆಂದು ನಂಬಿದವನು ಆ ಪದರವನ್ನು ದಾಟಿದೊಡನೆ ನಿರ್ಬಲನಾಗುತ್ತಾನೆ, ಮುಂದೆ ಬೆಟ್ಟದ ಮರೆಯಿಂದ ಇಳಿಗಾಳಿ ಬೀಸಿತೆಂದರೆ ಮುಗಿಯಿತು.

ಬ್ರೂಸ್ ಮೆಡೋಸ್‌ನ ರನ್‌ವೇ ಏನೂ ಕಿರಿದಲ್ಲ, ಸುಮಾರು 5,000 ಅಡಿ. ನನ್ನ ದೃಷ್ಟಿಯಲ್ಲಿ ಆ ಉದ್ದವೇ ಪ್ರಲೋಭನೆ. ಓಟದ ಅರ್ಧದಲ್ಲಿ, ನೆಲ ಬಿಡುವ ವೇಗದ ಶೇಕಡ 70ರಷ್ಟು ಒದಗದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸಬೇಕೆಂಬ ಪರ್ವತ ವೈಮಾನಿಕರ ಹಳೆಯ ಸೂತ್ರ ಹೇಳಲು ಸುಲಭ. ಮುಂದೆ ಇನ್ನೂ ವಿಸ್ತಾರವಾದ ಹುಲ್ಲು ಕಾಣುತ್ತಿರುವಾಗ ಪಾಲಿಸುವುದು ದುಷ್ಕರ. ಆದುದರಿಂದ ನಿರ್ಣಯವು ಓಟಕ್ಕೆ ಮೊದಲೇ ಆಗಿರಬೇಕು: ಹೊತ್ತೇರುವ ಮುನ್ನಿನ ತಂಪಿನಲ್ಲಿ, ಹಗುರಾದ ಹೊರೆಯೊಡನೆ, ಏರುವ ದರವನ್ನು ಲೆಕ್ಕ ಹಾಕಿ ಹೊರಡುವುದು.

ಓದುಗರಲ್ಲಿ ಯಾರಾದರೂ ಅಂಥ ಮಲೆನಾಡಿಗೆ ಪ್ರಯಾಣಿಕರಾಗಿ ಹೋದಾಗ, ಪೈಲಟ್ ಮಧ್ಯಾಹ್ನ ಹೊರಡಲೊಲ್ಲದೆ ನಾಳೆ ಬೆಳಗಿನವರೆಗೆ ಕಾಯೋಣವೆಂದರೆ, ಇಲ್ಲವೆ ಇಬ್ಬರು ಇಳಿದು ಎರಡನೆಯ ಸರದಿಯಲ್ಲಿ ಬನ್ನಿರೆಂದರೆ, ದಯವಿಟ್ಟು ಅವರನ್ನು ಒತ್ತಾಯಿಸಬೇಡಿ.