ತವರಿನ ಬಾಗಿಲು ಮುಚ್ಚಿದಾಗ

ಮುಸ್ಲಿಂ ಮಹಿಳೆಯ ಹಕ್ಕಿನ ಚರ್ಚೆ ನಮ್ಮಲ್ಲಿ ಕೋರ್ಟಿನಲ್ಲಿ ಶುರುವಾಗಿ ಕಾನೂನಿನಲ್ಲಿ ಮುಗಿಯುತ್ತದೆ. 1985ರ ಶಾಬಾನು ತೀರ್ಪು ವಿಚ್ಛೇದಿತೆಗೆ ಜೀವನಾಂಶ ಕೊಡಿಸಿತು. 1986ರ ಕಾಯ್ದೆ ಇದ್ದತ್ ಕಳೆದ ಮೇಲಿನ ಹೊಣೆಯನ್ನು ಬಂಧುಗಳಿಗೂ ವಕ್ಫ್ ಮಂಡಳಿಗೂ ದಾಟಿಸಿತು. 2017ರಲ್ಲಿ ಸುಪ್ರೀಂ ಕೋರ್ಟು ಒಂದೇ ಉಸಿರಿನ ಮೂರು ತಲಾಕನ್ನು ರದ್ದುಪಡಿಸಿತು. 2019ರ ಕಾನೂನು ಅದನ್ನು ಜೈಲುಶಿಕ್ಷೆಯ ಅಪರಾಧವಾಗಿಸಿತು. ಜೀವನಾಂಶದ ಹಕ್ಕನ್ನು ಅದೇ ಕೋರ್ಟು 2024ರಲ್ಲಿ ಮತ್ತೊಮ್ಮೆ ಎತ್ತಿಹಿಡಿಯಬೇಕಾಯಿತು. ಸುಮಾರು ನಲವತ್ತು ವರ್ಷಗಳ ಈ ಏರಿಳಿತದಲ್ಲಿ ಮನೆಯೊಳಗೆ ಏನು ಬದಲಾಯಿತು?

ಇದಕ್ಕೆ ಉತ್ತರ ಹುಡುಕಲು ನಾವು ನಮ್ಮ ಇಬ್ಬರು ಲೇಖಕಿಯರನ್ನು ಒಟ್ಟಿಗೆ ಓದಬೇಕು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ಅದರ ನಾದಿರಾಳನ್ನು ತಲಾಕ್ ಸಂತ್ರಸ್ತೆ ಎಂದಷ್ಟೇ ನಾವು ನೆನೆಯುತ್ತೇವೆ. ಆದರೆ ಒಲಿದಿದ್ದ ಗಂಡ ಹೆಂಡಿರನ್ನು ಅಗಲಿಸಿದ್ದು ಅವಳ ತಂದೆಯ ಹಟ. ಮತ್ತೆ ಗಂಡನನ್ನು ಸೇರಲು ಒಂದು ರಾತ್ರಿಯ ಮದುವೆ ಆಗಬೇಕೆಂದಾಗ ಆಕೆ ಮಸೀದಿಯ ಕೆರೆಗೆ ಹಾರುತ್ತಾಳೆ. ಹಾಗೆ ಹೊಂದಿಸಿ ಮಾಡುವ ಮದುವೆಯನ್ನು ಪ್ರವಾದಿಯವರು ಶಪಿಸಿದ್ದಾರೆಂದು ಹದೀಸ್‌ಗಳಲ್ಲಿದೆ. ಹೆಣ್ಣಿನ ಒಪ್ಪಿಗೆ ಕೇಳಬೇಕೆಂದೂ ಇದೆ. ನಾದಿರಾಳನ್ನು ಮಾತ್ರ ಯಾರೂ ಕೇಳಲಿಲ್ಲ.

ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕಥೆಯ ಮೆಹರುನ್‌ಗೆ ತವರಿನಲ್ಲಿ ಸಿಕ್ಕಿದ್ದೂ ಇದೇ. ಗಂಡ ಬೇರೊಬ್ಬಳ ಹಿಂದೆ ಹೋದನೆಂದು ತವರಿಗೆ ಬಂದರೆ, ಸೋದರರು ಮನೆತನದ ಮಾನದ ಮಾತಾಡಿ ಅವಳನ್ನು ಗಂಡನ ಮನೆಗೇ ಬಿಟ್ಟುಬರುತ್ತಾರೆ. ಇಲ್ಲಿ ತಲಾಕ್ ಇಲ್ಲ. ಆದ್ದರಿಂದ 2017ರ ತೀರ್ಪಾಗಲಿ 2019ರ ಕಾನೂನಾಗಲಿ ಅವಳ ಬಾಗಿಲು ತಟ್ಟುವುದಿಲ್ಲ.

ಎರಡು ಕೃತಿಗಳ ಅಂತ್ಯದಲ್ಲಿ ಮಾತ್ರ ದೊಡ್ಡ ಅಂತರವಿದೆ. ನಾದಿರಾಳ ಸಾವು ನಮ್ಮ ಕಣ್ಣನ್ನು ಒದ್ದೆ ಮಾಡುತ್ತದೆ. ಆದರೆ ಅತ್ತು ಹಗುರಾದ ಓದುಗ ಅವಳ ತಂದೆಯನ್ನು ಸುಲಭವಾಗಿ ಮರೆತುಬಿಡಬಲ್ಲ. ಕಾದಂಬರಿಯ ಮಿತಿಯೂ ಇದೇ ಎಂದು ನಮಗನಿಸುತ್ತದೆ. ಮೆಹರುನ್ ಸೀಮೆಎಣ್ಣೆ ಸುರಿದುಕೊಂಡ ಹೊತ್ತಿಗೆ ಅವಳ ಹಿರಿಮಗಳು ಸಲ್ಮಾ ಬಂದು ತಡೆಯುತ್ತಾಳೆ, ತಾಯಿ ಬದುಕುತ್ತಾಳೆ. ಬದುಕಿದವಳು ನಾಳೆ ಎಲ್ಲಿರಬೇಕು, ಏನು ತಿನ್ನಬೇಕು ಎಂಬ ಪ್ರಶ್ನೆ ಓದುಗನನ್ನು ಬಿಡುವುದಿಲ್ಲ.

ಈ ಕಥೆಯೂ ಇರುವ ಸಂಕಲನ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದಕ್ಕಾಗಿ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹೆಮ್ಮೆ ಸರಿಯೇ. ಆದರೆ ಮಗಳು ತವರಿಗೆ ಮರಳಿದರೆ ಅವಳಿಗೊಂದು ಕೋಣೆ, ಆಸ್ತಿಯಲ್ಲಿ ಶರೀಅತ್ ಕೊಟ್ಟ ಪಾಲು, ತನ್ನ ಬಾಳಿನ ಬಗ್ಗೆ ಒಂದು ಮಾತು, ಇಷ್ಟನ್ನು ಕೊಡಲು ನಾವು ಯಾವ ಕೋರ್ಟಿನ ಆದೇಶಕ್ಕೆ ಕಾಯುತ್ತಿದ್ದೇವೆ?