ಗೆಣಸಿಗೆ ಅವಸರದ ಒಲೆ ಆಗದು

ಸಂಕ್ರಾಂತಿಯ ದಿನ ಅವರೆಕಾಯಿ, ಕಡಲೆಕಾಯಿ, ಗೆಣಸು ಎಲ್ಲವನ್ನೂ ಒಂದೇ ಕುಕ್ಕರಿಗೆ ತುಂಬಿ, ಮೂರು ಸೀಟಿ ಕೂಗಿಸಿ, ಆಮೇಲೆ ‘ಗೆಣಸು ಸಪ್ಪೆ’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಪ್ಪೆ ಮಾಡಿದವರು ಅವರೇ. ಸಾಲದೆಂದು ಚಾಟ್ ಮಸಾಲೆ ಉದುರಿಸಿ, ನಿಂಬೆ ಹಿಂಡಿ, ತಿಂದದ್ದು ಏನೆಂದೇ ತಿಳಿಯದ ಹಾಗೆ ಮಾಡುತ್ತಾರೆ.

ಗೆಣಸಿನ ಸಿಹಿ ಬಹುಪಾಲು ಹುಟ್ಟುವುದು ಬೇಯುವಾಗ. ಹಸಿಯದರಲ್ಲಿ ಇರುವುದು ಮುಖ್ಯವಾಗಿ ಪಿಷ್ಟ. ಒಳಗಿನ ಕಾವು ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಇರುವಷ್ಟು ಹೊತ್ತು, ಗೆಡ್ಡೆಯಲ್ಲೇ ಇರುವ ಬೀಟಾ ಅಮೈಲೇಸ್ ಎಂಬ ಕಿಣ್ವ ಮೆತ್ತಗಾದ ಪಿಷ್ಟವನ್ನು ಒಡೆದು ಮಾಲ್ಟೋಸ್ ಸಕ್ಕರೆ ಮಾಡುತ್ತದೆ. ಕಾವು ಅದಕ್ಕಿಂತ ಏರಿದರೆ ಕಿಣ್ವ ಬೇಗ ಕೆಡುತ್ತದೆ, ಸಿಹಿ ಅಲ್ಲಿಗೇ ನಿಲ್ಲುತ್ತದೆ. ಕುಕ್ಕರ್ ಈ ಹಂತವನ್ನು ಕೆಲವೇ ನಿಮಿಷಗಳಲ್ಲಿ ದಾಟಿಸಿಬಿಡುತ್ತದೆ, ಮೈಕ್ರೋವೇವ್ ಅದಕ್ಕೂ ಬೇಗ. ಜಪಾನಿನಲ್ಲಿ ಕಾದ ಬೆಣಚುಕಲ್ಲುಗಳ ನಡುವೆ ಗೆಣಸನ್ನು ನಿಧಾನವಾಗಿ ಸುಟ್ಟು ಮಾರುವುದೂ ಈ ಗುಟ್ಟು ಬಲ್ಲವರ ಕೆಲಸವೇ.

ನನಗೆ ಇದನ್ನು ಕಲಿಸಿದ್ದು ಅಜ್ಜಿಯ ಮನೆಯ ಬಚ್ಚಲೊಲೆ. ಹಂಡೆಯ ನೀರು ಕಾದ ಮೇಲೆ ಉಳಿದ ಬಿಸಿಬೂದಿಯಲ್ಲಿ ಅಜ್ಜಿ ಗೆಣಸು ಹೂತಿಡುತ್ತಿದ್ದಳು. ಬೆಳಿಗ್ಗೆ ಕೆದಕಿ ತೆಗೆದರೆ ಸಿಪ್ಪೆ ಸಡಿಲವಾಗಿ, ತುದಿಯಲ್ಲಿ ಕಂದು ಪಾಕ ಒಸರಿ ಅಂಟಿರುತ್ತಿತ್ತು. ಅದನ್ನು ತಿಂದ ಮೇಲೆ ಬೇರೆಯವರ ಮನೆಯ ಬೇಯಿಸಿದ ಗೆಣಸು ನನ್ನ ನಾಲಿಗೆಗೆ ಒಗ್ಗಲೇ ಇಲ್ಲ.

ಬೂದಿಯಿಲ್ಲದ ಮನೆಯಲ್ಲೂ ದಾರಿಯಿದೆ. ಮಧ್ಯಮ ಗಾತ್ರದ ಗೆಣಸನ್ನು ಸಿಪ್ಪೆ ಸಮೇತ ದಪ್ಪ ತಳದ ಬಾಣಲೆಯಲ್ಲಿಟ್ಟು, ಮುಚ್ಚಿ, ಉರಿಯನ್ನು ಆದಷ್ಟೂ ಸಣ್ಣಗೆ ಮಾಡಿ, ಆಗಾಗ ಹೊರಳಿಸುತ್ತ ಒಂದು ಗಂಟೆ ಬಿಡಿ. ಓವನ್ ಇದ್ದರೆ ಮೊದಲೇ ಕಾಯಿಸಬೇಡಿ. ತಣ್ಣಗಿರುವಾಗಲೇ ಇಟ್ಟು 160 ಡಿಗ್ರಿಗೆ ಏರಿಸಿ, ಚಾಕು ಸಲೀಸಾಗಿ ಇಳಿಯುವ ತನಕ ಕಾಯಿರಿ. ನೀರಿನಲ್ಲೇ ಬೇಯಿಸಬೇಕೆಂದರೆ ಇಡಿಯಾಗಿ, ತಣ್ಣೀರಿನಿಂದ ಶುರುಮಾಡಿ. ಹೋಳು ಮಾಡಿ ಹಾಕಿದರೆ ಸಕ್ಕರೆ ನೀರಿಗೆ ಹೋಗುತ್ತದೆ.

ಕೊಳ್ಳುವಾಗ ಗಟ್ಟಿಯಾಗಿ, ಭಾರವಾಗಿ ಇರುವುದನ್ನು ಆರಿಸಿ. ಮಣ್ಣು ಮೆತ್ತಿದ್ದರೆ ಒಳ್ಳೆಯದೇ. ತೊಳೆದು ಹೊಳಪಿಸಿದ ಮಾಲಿನ ಗೆಣಸು ಸಿಪ್ಪೆ ತರಚಿಕೊಂಡು ಬೇಗ ಕೊಳೆಯುತ್ತದೆ. ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಮೂತಿಹುಳು ಹೊಕ್ಕಿದೆ. ಅದರ ಕಹಿ ಬೆಂದರೂ ಹೋಗದು, ಒಳ್ಳೆಯದೂ ಅಲ್ಲ, ಎಸೆಯಿರಿ. ನಸುಗೆಂಪು ಸಿಪ್ಪೆಯ ಬಿಳಿ ಗೆಣಸು ಹಿಟ್ಟುಹಿಟ್ಟಾಗಿರುತ್ತದೆ, ಸುಡಲು ನನಗೆ ಅದೇ ಬೇಕು. ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಕೊಟ್ಟ ಕಿತ್ತಳೆ ಬಣ್ಣದ ‘ಭೂ ಸೋನಾ’ದಲ್ಲಿ ಬೀಟಾ ಕ್ಯಾರೊಟಿನ್ ಹೇರಳವಾಗಿದೆ.

ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಸುಮಾರು 12 ಡಿಗ್ರಿಗಿಂತ ಕೆಳಗಿನ ಚಳಿ ತಗುಲಿದರೆ ಒಳತಿರುಳು ಎಷ್ಟು ಬೇಯಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಗಾಳಿಯಾಡುವ ಬುಟ್ಟಿ, ಕತ್ತಲ ಮೂಲೆ ಸಾಕು. ಹೊಸದಾಗಿ ಅಗೆದದ್ದಾದರೆ ಒಂದೆರಡು ವಾರ ಅಲ್ಲೇ ಬಿಡಿ, ಸಿಪ್ಪೆ ಬಲಿತು ಸಿಹಿಯೂ ಏರುತ್ತದೆ.

ಕರಾವಳಿಯ ಪೋಡಿಗೆ ಹಸಿ ಗೆಣಸೇ ಸರಿ. ಹೋಳಿಗೆಗೆ ಮಾತ್ರ ಸುಟ್ಟ ಗೆಣಸನ್ನು ನಾರು ತೆಗೆದು ಹಿಸುಕಿ, ಬೆಲ್ಲವನ್ನು ಅರ್ಧಕ್ಕೆ ಇಳಿಸಿ. ನೀರಿನಂಶ ಆಗಲೇ ಆರಿರುವುದರಿಂದ ಹೂರಣ ಬೇಗ ಗಟ್ಟಿಯಾಗುತ್ತದೆ, ಲಟ್ಟಿಸುವಾಗ ಕಣಕ ಹರಿಯುವುದಿಲ್ಲ.