ಅಭ್ಯಾಸಸೂತ್ರವೂ ಲೈನ್ ಮನೆಯ ಮಗುವೂ

ಅಭ್ಯಾಸ ಬೇರೂರಬೇಕಾದರೆ ಅದು ಬಹುಕಾಲ, ಎಡೆಬಿಡದೆ, ಆದರದಿಂದ ನಡೆಯಬೇಕು ಎಂಬುದು ಪತಂಜಲಿಯ ಯೋಗಸೂತ್ರದ ಮೊದಲ ಪಾದದ ನಿಲುವು. ಮಗುವಿನ ಭಾವನಾತ್ಮಕ ಭದ್ರತೆಗೂ ಇದೇ ಸೂತ್ರವನ್ನು ಅನ್ವಯಿಸುವವರಿದ್ದಾರೆ. ಅನ್ವಯ ಅರ್ಧದಾರಿಯವರೆಗೆ ಸರಿ.

ಮಗು–ಪೋಷಕರ ನಂಟನ್ನು ವಿವರಿಸುವ ಜಾನ್ ಬೌಲ್ಬಿಯ ಬಾಂಧವ್ಯ ಸಿದ್ಧಾಂತಕ್ಕೆ ಕ್ಷೇತ್ರಾಧಾರ ಒದಗಿಸಿದವರು ಮೇರಿ ಐನ್ಸ್‌ವರ್ತ್. ಉಗಾಂಡದ ಹಳ್ಳಿಗಳಲ್ಲಿ, ಆಮೇಲೆ ಬಾಲ್ಟಿಮೋರ್‌ನ 26 ಕುಟುಂಬಗಳಲ್ಲಿ ಅವರು ಕಂಡದ್ದು ಇಷ್ಟು: ಅತ್ತಾಗ ಓಗೊಡುವವರಿದ್ದರೆ ಮಗು ಧೈರ್ಯವಾಗಿ ದೂರ ಹೋಗಿ ಆಡುತ್ತದೆ, ಹೆದರಿದಾಗ ಮರಳಿ ಬರುತ್ತದೆ. ಈ ನಂಬಿಕೆ ಒಂದು ದಿನದ ಮುದ್ದಿನಿಂದ ಹುಟ್ಟುವುದಲ್ಲ. ಬಹುಕಾಲ, ಆದರ ಎಂಬ ಎರಡು ಷರತ್ತುಗಳು ಇಲ್ಲಿ ಸಲೀಸಾಗಿ ಕೂರುತ್ತವೆ.

ತೊಡಕು ಇರುವುದು ‘ಎಡೆಬಿಡದೆ’ ಎಂಬುದರಲ್ಲಿ. ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಅರೇಬಿಕಾ ಹಣ್ಣಾಗುವ ನವೆಂಬರ್‌ನಿಂದ ರೊಬಸ್ಟಾ ಮುಗಿಯುವ ಮಾರ್ಚ್‌ವರೆಗೂ ಕೊಯ್ಲು. ತಾಯಿ ಬೆಳಿಗ್ಗೆಯೇ ತೋಟಕ್ಕೆ ಇಳಿದರೆ ಮಗು ಲೈನ್ ಮನೆಯ (ಕಾರ್ಮಿಕರ ಸಾಲುಮನೆಯ) ಅಜ್ಜಿಯ ಬಳಿಯೋ ಅಕ್ಕನ ಸೊಂಟದಲ್ಲೋ ಇರುತ್ತದೆ. ಸೂತ್ರವನ್ನು ಅಕ್ಷರಶಃ ಹಿಡಿದರೆ ಈ ತಾಯಿ ಸೋತಂತೆಯೇ. ಸಂಶೋಧನೆ ಹಾಗೆ ಹೇಳುವುದಿಲ್ಲ. ತಾಯಿ–ಮಗುವಿನ ನಡುವೆ ತಾಳ ತಪ್ಪುವುದು ಸಹಜ, ತಪ್ಪಿದ್ದು ಮತ್ತೆ ಕೂಡಿಕೊಳ್ಳುವುದೇ ಮುಖ್ಯ ಎಂದು ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ತೋರಿಸಿದ್ದಾರೆ. ಸಂಜೆ ಅದೇ ಕೈ ಮರಳಿ ಬಂದು ಎತ್ತಿಕೊಂಡರೆ ನೈರಂತರ್ಯ ಉಳಿದಂತೆ. ನಿಜಕ್ಕೆ ಪತಂಜಲಿಯೂ ಜಾರುವಿಕೆಯನ್ನು ಬಲ್ಲವನೇ: ಅದೇ ಪಾದದಲ್ಲಿ ಒಂಬತ್ತು ಅಂತರಾಯಗಳ ಪಟ್ಟಿಯಿದೆ, ಏರಿದ ನೆಲೆಯಲ್ಲಿ ನಿಲ್ಲಲಾಗದಿರುವುದೂ ಅದರಲ್ಲೊಂದು. ಪೋಷಕರಿಗೆ ಹೆಚ್ಚು ಒದಗುವುದು ಈ ಭಾಗ. ಉಪದೇಶಕರು ಇದನ್ನು ಮುಟ್ಟುವುದು ಕಡಿಮೆ. ಅಭ್ಯಾಸದ ಜೋಡಿಯಾದ ವೈರಾಗ್ಯವನ್ನೂ ಅವರು ಬದಿಗಿಡುತ್ತಾರೆ, ಮಗುವನ್ನು ದೂರ ಹೋಗಲು ಬಿಡುವ ಧೈರ್ಯ ಅಲ್ಲಿಂದಲೇ ಬರಬೇಕಾದರೂ.

ದೊಡ್ಡ ಕೊರತೆ ಇನ್ನೊಂದು. ಯೋಗಾಭ್ಯಾಸ ಒಬ್ಬರ ಸಂಕಲ್ಪದ ಮೇಲೆ ನಿಂತದ್ದು. ಬಾಂಧವ್ಯ ದುಡಿಮೆಯ ಹೊತ್ತು, ಕೂಲಿ, ವಲಸೆಯ ಮೇಲೂ ನಿಂತಿದೆ. ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್‌ಗಳಿಂದ ಬರುವ ಕುಟುಂಬಕ್ಕೆ ಮಗು ನೋಡಿಕೊಳ್ಳುವ ಅಜ್ಜಿ ಜೊತೆಗಿರುವುದು ಅಪರೂಪ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ 50 ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ ತೋಟದಲ್ಲಿ ಶಿಶುವಿಹಾರ ಕಡ್ಡಾಯ ಮಾಡಿತು. ಕೋಣೆ ಸಿಕ್ಕರೂ ವರ್ಷವಿಡೀ ಅದೇ ಆಯಾ ಇರದಿದ್ದರೆ ಮಗುವಿಗೆ ಹಿಡಿದುಕೊಳ್ಳಲು ಒಂದು ಮುಖವಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವು ಕೊಟ್ಟಿತು. ಕೊಯ್ಲಿನ ಭರದಲ್ಲೂ ಆ ಬಿಡುವು ದಕ್ಕಿದ ತೋಟದಲ್ಲಿ ಮಾತ್ರ ತಾಯಿಗೆ ಅಭ್ಯಾಸದ ಮಾತು ಹೇಳುವುದಕ್ಕೆ ಅರ್ಥವಿದೆ.